ಎರಡನೇ ಮದ್ದಿಗೆ ಸಿಗದ ರಜೆ

ಕೆಲಸ ಬಿಡುವವರು ತುಂಬಿಸುವ ಎಕ್ಸಿಟ್ ಫಾರ್ಮಿನಲ್ಲಿ 'ಕಾರಣ' ಎಂಬ ಕಾಲಂ ಉಂಟು. ಹೆಚ್ಚಿನವರು 'ಉತ್ತಮ ಅವಕಾಶ' ಎಂಬಲ್ಲಿ ಟಿಕ್ ಹಾಕಿ ಹೋಗುತ್ತಾರೆ. ಎಚ್‌ಆರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅದನ್ನು ಪೂರ್ತಿ ನಂಬುತ್ತಿದ್ದೆ. ಆ ಟಿಕ್‌ಗಳನ್ನೆಲ್ಲ ಲೆಕ್ಕ ಹಾಕಿ, ಚಾರ್ಟ್ ಬರೆದು, ಸಂಬಳ ಸಾಲುವುದಿಲ್ಲವೆಂದು ಮೇಲಿನವರಿಗೆ ವರದಿ ಕೊಟ್ಟದ್ದೂ ಉಂಟು.

ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬ ಹುಡುಗ ನನ್ನ ನಂಬಿಕೆ ಕೆಡಿಸಿದ. ಮನೆಯಿಂದಲೇ ಕೆಲಸ, ವಾರಕ್ಕೊಮ್ಮೆ ಮಂಗಳೂರಿನ ಆಫೀಸಿಗೆ. ಪೇಮೆಂಟ್ ಭಾಗದ ಕೋಡ್ ಅವನಷ್ಟು ತಿಳಿದವರು ತಂಡದಲ್ಲಿ ಬೇರೆ ಇರಲಿಲ್ಲ. ಜುಲೈಯಲ್ಲಿ ಎರಡು ದಿನ ರಜೆ ಕೇಳಿದ. ಅಡಕೆಗೆ ಎರಡನೇ ಮದ್ದು ಬಿಡಬೇಕಿತ್ತು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಬೀಳದಿದ್ದರೆ ಕೊಳೆರೋಗಕ್ಕೆ ಎಳೆಕಾಯಿಗಳೆಲ್ಲ ಬುಡಕ್ಕೆ ಉದುರುತ್ತವೆ. ಮರ ಹತ್ತುವವರು ಬರುವುದು ಅವರಿಗೆ ಪುರುಸೊತ್ತಾದಾಗ, ಮಳೆ ಬಿಡುವುದು ಅದಕ್ಕೆ ಮನಸ್ಸಾದಾಗ. ಎರಡೂ ಕೂಡಿಬರುವ ದಿನವನ್ನು ಹದಿನೈದು ದಿನ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಹೇಗೆ? ಅವನ ಲೀಡ್, ಅಂದರೆ ತಂಡದ ಮುಖ್ಯಸ್ಥರು, ಬೆಂಗಳೂರಿನವರು. "ರಿಲೀಸ್ ಇದೆಯಲ್ಲ, ಯಾರಿಗಾದರೂ ದುಡ್ಡು ಕೊಟ್ಟು ಮಾಡಿಸಿ" ಎಂದು ಚಾಟಿನಲ್ಲಿ ಬರೆದರು. ರಜೆ ಸಿಗಲಿಲ್ಲ. ಆ ರಿಲೀಸ್ ಆಮೇಲೆ ಒಂದು ವಾರ ಮುಂದೆ ಹೋಯಿತು ಅನ್ನುವುದು ಬೇರೆ ಮಾತು.

ಅಕ್ಟೋಬರಿನಲ್ಲಿ ರಾಜೀನಾಮೆ ಬಂತು. "ಎಂತ ಮಾರಾಯ, ಸಂಬಳವಾ?" ಎಂದು ಕೇಳಿದೆ.

"ಸಂಬಳ ಅಲ್ಲಿ ಜಾಸ್ತಿ ಉಂಟು ಸರ್, ಸುಳ್ಳು ಹೇಳುವುದಿಲ್ಲ. ಆದರೆ ಅವರ ಕಾಲ್ ಮೊದಲು ಬಂದದ್ದು ಮಾರ್ಚಿನಲ್ಲಿ. ಆಗ ಬೇಡ ಹೇಳಿದ್ದೆ. ಜುಲೈಯಲ್ಲಿ ನಾನೇ ವಾಪಸ್ ಫೋನ್ ಮಾಡಿದೆ."

ಜನ ಕೆಲಸ ಬಿಡುವುದೇಕೆಂದು ಅಧ್ಯಯನ ಮಾಡಿದ ಅಮೆರಿಕದ ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ 1994ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅಸಮಾಧಾನ ಮೆಲ್ಲಗೆ ತುಂಬಿ ಒಂದು ದಿನ ಚೆಲ್ಲುತ್ತದೆ ಎಂಬ ಹಳೆಯ ಲೆಕ್ಕ ಸಾಲದು. ಎಷ್ಟೋ ಸಲ ಯಾವುದೋ ಒಂದು ಘಟನೆ 'ನಾನು ಇಲ್ಲಿ ಯಾಕಿದ್ದೇನೆ' ಎಂದು ಯೋಚಿಸುವಂತೆ ಮಾಡುತ್ತದೆ. 2001ರಲ್ಲಿ ಮಿಚೆಲ್ ಮತ್ತು ಜತೆಗಾರರು ಪ್ರಶ್ನೆಯನ್ನೇ ತಿರುಗಿಸಿ, ಜನ ಉಳಿಯುವುದೇಕೆ ಎಂದು ನೋಡಿದರು. ಆಫೀಸಿನಲ್ಲೂ ಊರಿನಲ್ಲೂ ಇರುವ ನಂಟು, ಹೊಂದಿಕೆ, ಬಿಟ್ಟರೆ ಕಳೆದುಕೊಳ್ಳುವುದೆಷ್ಟು ಎಂಬ ಲೆಕ್ಕ, ಇವು ಅವರು ಹೇಳಿದ ಬೇರುಗಳು.

ನಮ್ಮ ಕಾಸರಗೋಡಿನಲ್ಲಿ ಈ ಲೆಕ್ಕ ಈಗ ಸ್ವಲ್ಪ ತಲೆಕೆಳಗಾಗಿದೆ. ಹಿಂದೆ ಊರು ಬಿಡಲಾಗದವ ಮಂಗಳೂರಿನಲ್ಲಿ ಸಿಕ್ಕಿದ ಕಂಪೆನಿಯನ್ನು ಗಟ್ಟಿ ಹಿಡಿದುಕೊಳ್ಳುತ್ತಿದ್ದ. 2020ರಲ್ಲಿ ಕೋವಿಡ್‌ಗೆಂದು ಕರ್ನಾಟಕ-ಕೇರಳದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಎಲ್ಲರೂ ಮನೆಯಿಂದ ಕೆಲಸ ಮಾಡಲು ಕಲಿತರು. ಈಗ ಮನೆಯಿಂದ ದುಡಿಯುವವ ಕಂಪೆನಿ ಬದಲಿಸಿದರೆ ತೋಟ ಅಲ್ಲೇ, ಅಮ್ಮ ಅಲ್ಲೇ, ಮಕ್ಕಳ ಶಾಲೆ ಅಲ್ಲೇ. ಬದಲಾಗುವುದು ಲ್ಯಾಪ್‌ಟಾಪ್ ಮಾತ್ರ. ಕಂಪೆನಿಯ ಕಡೆಯಿಂದ ಅವನನ್ನು ಹಿಡಿದಿಡಲು ಉಳಿದದ್ದು ಲೀಡ್, ನಾಲ್ಕು ಜತೆಗಾರರು ಮತ್ತು ಕೆಲಸದ ರುಚಿ.

ವರ್ಷಕ್ಕೆ ನೂರರಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟರೆಂಬ ಅಟ್ರಿಷನ್ ಅಂಕಿ ನೋಡಿ ಸಮಾಧಾನ ಪಡುವವರನ್ನು ಕಂಡರೆ ನನಗೆ ನಗು. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಂಥ ಕಂಪೆನಿಯಲ್ಲೇ ಅದು ಶೇ. 28.4 ಇತ್ತು, ಮುಂದಿನ ಎರಡು ವರ್ಷಗಳಲ್ಲಿ ಇಡೀ ಐಟಿ ವಲಯದಲ್ಲೇ ಇಳಿಯಿತು. ಉಳಿದವರು ಮನಸ್ಸಿದ್ದು ಉಳಿದರೋ, ಹೊರಗೆ ಕೆಲಸವಿಲ್ಲದೆ ಉಳಿದರೋ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

ಕಾಣುವುದು ಒಬ್ಬ ಬರೆದ ಕೋಡನ್ನು ಇನ್ನೊಬ್ಬ ನೋಡಿ ಒಪ್ಪುವ ಕೋಡ್ ರಿವ್ಯೂನಲ್ಲಿ. ಒಂದು ಫಂಕ್ಷನಿನ ಹೆಸರಿಗೂ ಹತ್ತು ಕಮೆಂಟ್ ಬರೆದು ಜಗಳ ಕಾಯುತ್ತಿದ್ದವ ಈಗ 'ಓಕೆ' ಎಂದು ಬರೆದು ಅಪ್ರೂವ್ ಒತ್ತುತ್ತಾನೆ. ಲೀಡ್‌ಗೆ ಹಾಯೆನಿಸುತ್ತದೆ, ಹುಡುಗ ಪಕ್ವವಾದನೆಂದು. ಅವನು ಆಗಲೇ ಅರ್ಧ ಹೊರಗೆ ಹೋಗಿ ಆಗಿರುತ್ತದೆ. ಬದಿಯಡ್ಕದ ಹುಡುಗನ ಹಳೆಯ ರಿವ್ಯೂಗಳನ್ನು ಆಮೇಲೆ ತೆರೆದು ನೋಡಿದೆ. ಆಗಸ್ಟಿನಿಂದ ಬರೀ ಓಕೆ, ಓಕೆ.

ರಾಜೀನಾಮೆ ಬಂದ ಮೇಲೆ ಸಂಬಳ ಏರಿಸಿ ತಡೆಯುವುದನ್ನು ನಾನು ಬಿಟ್ಟೇ ಬಿಟ್ಟಿದ್ದೇನೆ. 90 ದಿನದ ನೋಟಿಸ್ ಕೊಟ್ಟವನಿಗೆ ಸಿಕ್ಕಿದ ಏರಿಕೆ, ಕೊಡದೆ ದುಡಿಯುತ್ತಿರುವ ಪಕ್ಕದವನಿಗೆ ಗೊತ್ತಾಗಲು ಎರಡು ದಿನ ಸಾಕು. ಬದಲಿಗೆ ಆರು ತಿಂಗಳಿಗೊಮ್ಮೆ ಒಬ್ಬೊಬ್ಬರಲ್ಲೂ ಒಂದೇ ಪ್ರಶ್ನೆ ಕೇಳುತ್ತೇನೆ: "ಇತ್ತೀಚೆಗೆ ಲ್ಯಾಪ್‌ಟಾಪ್ ಮುಚ್ಚಿ 'ಸಾಕಪ್ಪಾ' ಅನಿಸಿದ್ದು ಯಾವಾಗ?" ಸಂಬಳದ ಮಾತು ಬರುತ್ತದೆ, ಇಲ್ಲವೆನ್ನುವುದಿಲ್ಲ, ಹಳಬನಿಗಿಂತ ಹೊಸಬನಿಗೆ ಜಾಸ್ತಿ ಕೊಟ್ಟಾಗಲಂತೂ ಖಾರವಾಗಿಯೇ ಬರುತ್ತದೆ. ಆದರೆ ಹೆಚ್ಚು ಕೇಳಿಬರುವುದು ರಾತ್ರಿ ಎರಡಕ್ಕೆ ಬರುವ ಆನ್-ಕಾಲ್ ಕರೆ, ಯಾರೂ ಬಳಸದ ಫೀಚರಿಗೆ ಸುರಿದ ಮೂರು ತಿಂಗಳು, ತಾನು ಬರೆದ ಡಿಸೈನನ್ನು ಬೇರೆಯವರು ಕ್ಲೈಂಟಿಗೆ ವಿವರಿಸಿದ್ದು.

ಅದೇ ಲೀಡ್ ಈಗಲೂ ನಮ್ಮಲ್ಲೇ ಇದ್ದಾರೆ. ಕೆಟ್ಟವರೇನಲ್ಲ, ಅಡಕೆ ಮರ ನೋಡಿದವರಲ್ಲ, ಅಷ್ಟೇ. ಕಳೆದ ಜುಲೈಯಲ್ಲಿ ಮುಂದಿನ ಕೆಲಸ ಹಂಚುವ ಸ್ಪ್ರಿಂಟ್ ಪ್ಲಾನಿಂಗ್ ಶುರುಮಾಡುವ ಮೊದಲು ವಿಡಿಯೋ ಕಾಲ್‌ನಲ್ಲಿ ಅವರೇ ಕೇಳಿದರು, "ಯಾರ್ಯಾರ ಮನೇಲಿ ಮದ್ದು ಬಿಡೋದು ಬಾಕಿ ಇದೆ?" ಐವರು ಕೈ ಎತ್ತಿದರು. ಅದರಲ್ಲಿ ಒಬ್ಬನ ಮನೆಯಲ್ಲಿರುವುದು ಬರೀ ರಬ್ಬರ್.