ರೆಕಾಮಿಯೆಯ ಬಸ್ಟ್‌ಗೆ ಕೈಗಳೇಕೆ?

ಪ್ರಶ್ನೆ: ಬಸ್ಟ್ ಎಂದರೆ ತಲೆಯಿಂದ ಎದೆಯವರೆಗಿನ ಶಿಲ್ಪ ಎಂದುಕೊಂಡಿದ್ದೆ. ಫ್ರಾನ್ಸಿನ ಮೇಡಂ ರೆಕಾಮಿಯೆಯ ಅಮೃತಶಿಲೆಯ ಬಸ್ಟ್‌ನಲ್ಲಿ ಕೈಗಳೂ ಇವೆಯಲ್ಲ, ಏಕೆ?

ಉತ್ತರ: ನೀವು ಅಂದುಕೊಂಡದ್ದು ಸರಿಯೇ. ಬಸ್ಟ್ ಕಡೆಯುವವರ ಹಳೆಯ ತಲೆನೋವೆಂದರೆ ದೇಹವನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು. ಹೆಗಲ ಕೆಳಗೆ ನೇರವಾಗಿ ಕತ್ತರಿಸಿದರೆ ಕಡಿದು ಹಾಕಿದ ಹಾಗೆ ಕಾಣುತ್ತದೆ. ಅದಕ್ಕೇ ಅಂಚನ್ನು ದುಂಡಗೆ ತಿರುಗಿಸುವುದೋ, ಬಟ್ಟೆಯ ನೆರಿಗೆಯಲ್ಲಿ ಅಡಗಿಸುವುದೋ ರೂಢಿ. ಲಿಯೋಂ ಊರಿನ ಶಿಲ್ಪಿ ಜೋಸೆಫ್ ಶಿನಾರ್ 1805ರ ಆಸುಪಾಸಿನಲ್ಲಿ ಕಡೆದ ಈ ಬಸ್ಟ್‌ನಲ್ಲಿ ಅದಕ್ಕೆ ಬೇರೆಯೇ ದಾರಿ ಹಿಡಿದು, ಕೈಗಳನ್ನು ಮಡಿಸಿ ಎದೆಯ ಮೇಲಕ್ಕೇ ತಂದ. ಅವು ತೆಳುವಾದ ಶಾಲನ್ನು ಹಿಡಿದಿವೆ.

ಆ ಶಾಲಿನ ಆಟ ನೋಡಿ. ಮೈ ಮುಚ್ಚಿಕೊಳ್ಳುವ ಭಂಗಿಯಲ್ಲೇ ಎದೆಯ ಒಂದು ಬದಿ ಜಾರಿ ಕಾಣುತ್ತದೆ. ತಲೆ ಬಾಗಿದೆ, ನೋಟ ಕೆಳಗಿದೆ. ನನ್ನ ಮಟ್ಟಿಗೆ ಇಲ್ಲಿ ಮುಖಕ್ಕಿಂತ ಬೆರಳುಗಳೇ ಹೆಚ್ಚು ಮಾತಾಡುತ್ತವೆ.

ಜೂಲಿಯೆಟ್ ರೆಕಾಮಿಯೆ (1777–1849) ಹುಟ್ಟಿದ್ದೂ ಲಿಯೋಂನಲ್ಲೇ. ಹದಿನೈದನೆಯ ವಯಸ್ಸಿಗೆ, ತನಗಿಂತ ಬಹಳ ಹಿರಿಯನಾದ ಬ್ಯಾಂಕರನ ಜೊತೆ ಮದುವೆ. ಆಮೇಲೆ ಪ್ಯಾರಿಸ್‌ನಲ್ಲಿ ಆಕೆಯ ಸಲೂನು ಹೆಸರುವಾಸಿಯಾಯಿತು. ನಮ್ಮ ಬೀದಿಯ ಸಲೂನಲ್ಲ. ಸಾಹಿತಿಗಳೂ ರಾಜಕಾರಣಿಗಳೂ ಸೇರುತ್ತಿದ್ದ ಮನೆಯ ಹಜಾರ. ಚೆಲುವಿಗೆ ಮರುಳಾದವರು ಹಲವರು. ಆಕೆ ನಗುನಗುತ್ತಲೇ ಅವರನ್ನು ದೂರವಿಡುತ್ತಿದ್ದಳು. ಶಾಲು ಹಿಡಿದು ಕುಣಿಯುವುದರಲ್ಲೂ ಆಕೆಗೆ ಹೆಸರಿತ್ತು. ಶಿನಾರ್ ಶಾಲನ್ನೇ ಆರಿಸಿಕೊಂಡದ್ದು ಬರೀ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಕಲ್ಲಿನ ಕೆಲಸವಾಗಿಯೂ ಇದು ಜಾಣತನವೇ. ಹೊರಚಾಚಿದ ಬೆರಳು ಅಮೃತಶಿಲೆಯಲ್ಲಿ ಬೇಗ ಮುರಿಯುತ್ತದೆ. ಇಲ್ಲಿ ಕೈಗಳು ಮೈಗೇ ಅಂಟಿಕೊಂಡಿವೆ. ಈ ಬಸ್ಟ್ ಈಗ ಲಿಯೋಂನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಸುಟ್ಟ ಮಣ್ಣಿನಲ್ಲಿ ಮಾಡಿದ ಇನ್ನೊಂದು ರೂಪ ಅಮೆರಿಕದ ಗೆಟ್ಟಿ ಮ್ಯೂಸಿಯಂನಲ್ಲಿದೆ.

ಮತ್ತೊಬ್ಬ ಶಿಲ್ಪಿಗೆ ಇಷ್ಟು ಅದೃಷ್ಟವಿರಲಿಲ್ಲ. ನೆಪೋಲಿಯನ್ 1811ರಲ್ಲಿ ಆಕೆಯನ್ನು ಪ್ಯಾರಿಸ್‌ನಿಂದ ಹೊರಗಟ್ಟಿದ. 1813ರಲ್ಲಿ ರೋಮ್‌ಗೆ ಬಂದ ಆಕೆಯ ಬಸ್ಟನ್ನು ಇಟಲಿಯ ಶಿಲ್ಪಿ ಆಂಟೋನಿಯೊ ಕನೋವ, ಆಕೆ ಊರಲ್ಲಿಲ್ಲದಾಗ ನೆನಪಿನಿಂದಲೇ ರೂಪಿಸಿದ. ತೋರಿಸಿದಾಗ ಆಕೆಗೆ ಹಿಡಿಸಲಿಲ್ಲ. ಆತ ವಾದಕ್ಕಿಳಿಯಲಿಲ್ಲ. ಆ ತಲೆಗೊಂದು ಆಲಿವ್ ಮಾಲೆ ತೊಡಿಸಿ, ಇಟಲಿಯ ಕವಿ ದಾಂತೆ ತನ್ನ ಕಾವ್ಯದಲ್ಲಿ ಹಾಡಿದ ಪ್ರೇಯಸಿ ಬಿಯಾತ್ರಿಚೆ ಎಂದು ಹೆಸರಿಟ್ಟ.