ಜಾರುವ ಚಕ್ರಕ್ಕೆ ಬ್ರೇಕ್ ಏಕೆ? ಟ್ರಾಕ್ಷನ್ ಕಂಟ್ರೋಲ್, ಇಎಸ್‌ಪಿ ಟಿಪ್ಪಣಿ

ಮೊದಲು ಡಿಫರೆನ್ಷಿಯಲ್‌ನ, ಅಂದರೆ ಎಂಜಿನ್ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರ್ ಜೋಡಣೆಯ, ಸ್ವಭಾವ ಗಟ್ಟಿಮಾಡಿಕೊಳ್ಳಿ. ಅದು ತಲೆಗೆ ಹತ್ತದಿದ್ದರೆ ಮುಂದಿನದ್ದೆಲ್ಲ ಹೆಸರುಗಳ ಬಾಯಿಪಾಠವಾಗುತ್ತದೆ. ಸಾದಾ ಡಿಫರೆನ್ಷಿಯಲ್ ಎಡ-ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ, ಟಾರ್ಕನ್ನು (ತಿರುಗಿಸುವ ಬಲವನ್ನು) ಮಾತ್ರ ಎರಡಕ್ಕೂ ಸಮಪಾಲು ಹಂಚುತ್ತದೆ. ತೊಡಕಿರುವುದು ಈ ಸಮಪಾಲಿನಲ್ಲೇ. ಕೆಸರಿನಲ್ಲಿರುವ ಚಕ್ರ 100 ನ್ಯೂಟನ್ ಮೀಟರ್ ಟಾರ್ಕ್ ದಾಟಿದರೆ ಜಾರುತ್ತದೆ ಎಂದಿಟ್ಟುಕೊಳ್ಳಿ. ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಅದೇ 100. ಎಂಜಿನ್ ಎಷ್ಟೇ ಅರಚಲಿ, ಗಾಡಿ ಹಂದುವುದಿಲ್ಲ. ಫೋರ್‌ವೀಲ್ ಡ್ರೈವ್ ಇದ್ದರೂ ಅಷ್ಟೇ: ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ಗಾಳಿಯಲ್ಲಿ ನೇತಾಡಿದರೆ ಅವೆರಡೇ ಗಿರಗಿರ ತಿರುಗುತ್ತಿರುತ್ತವೆ.

ಇಲ್ಲಿ ಟ್ರಾಕ್ಷನ್ ಕಂಟ್ರೋಲ್, ಅಂದರೆ ಚಕ್ರದ ಜಾರಾಟ ತಡೆಯುವ ವ್ಯವಸ್ಥೆ, ಮಾಡುವ ಉಪಾಯ ನನಗೆ ಬಹಳ ಇಷ್ಟ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರ್‌ಗಳಿಂದ ಯಾವ ಚಕ್ರ ಜಾರುತ್ತಿದೆ ಎಂದು ಪತ್ತೆಹಚ್ಚಿ, ಆ ಒಂದಕ್ಕೇ ಬ್ರೇಕ್ ಹಾಕುತ್ತದೆ. ಬ್ರೇಕಿನ ತಡೆ 400 ಎಂದುಕೊಂಡರೆ ಜಾರುವ ಬದಿಯ ಒಟ್ಟು ತಡೆ 500 ಆಯಿತು. ಸಮಪಾಲಿನ ನಿಯಮದಂತೆ ಹಿಡಿತವಿರುವ ಬದಿಗೂ 500 ಬರಲೇಬೇಕು. ಗಾಡಿ ಮೇಲೇಳುತ್ತದೆ. ಬ್ರೇಕ್ ನುಂಗಿದ ಪಾಲು ಬಿಸಿಯಾಗಿ ಹೋಗುವುದರಿಂದ ಎಂಜಿನ್ ಅಷ್ಟು ಹೆಚ್ಚು ದುಡಿಯಬೇಕು. ಉದ್ದನೆಯ ಏರಿನಲ್ಲಿ ಇದನ್ನೇ ನೆಚ್ಚಿಕೊಂಡರೆ ಬ್ರೇಕ್ ಅತಿಯಾಗಿ ಬಿಸಿಯಾಗುತ್ತದೆ.

ಡಿಫರೆನ್ಷಿಯಲ್ಲನ್ನೇ ಲಾಕ್ ಮಾಡುವ ಲಾಕರ್‌ನ ದಾರಿ ಬೇರೆ. ಅದು ಎರಡು ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಟಾರ್ಕ್ ತಾನಾಗಿ ಹಿಡಿತವಿದ್ದ ಕಡೆ ಹರಿಯುತ್ತದೆ, ಬ್ರೇಕಿನಲ್ಲಿ ಸೋರುವುದಿಲ್ಲ. 2020ರ ಮಹೀಂದ್ರಾ ಥಾರ್‌ನ ಎಲ್‌ಎಕ್ಸ್ ಮಾದರಿಯಲ್ಲಿ ಹಿಂದಿನ ಆಕ್ಸಲ್‌ಗೆ ಯಾಂತ್ರಿಕ ಲಾಕರ್ ಬಂತು. 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಮಾರುತಿ ಸುಜುಕಿ ಜಿಮ್ನಿ ಬ್ರೇಕಿನ ಉಪಾಯವನ್ನೇ ನಂಬಿದೆ. ಅಡ್ಡಡ್ಡ ಗುಂಡಿಗಳಲ್ಲಿ ಸಿಕ್ಕಿಕೊಂಡಾಗ ಲಾಕರ್ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಲಾಕ್ ಆದ ಆಕ್ಸಲ್ ತಿರುವಿಗೆ ಬಗ್ಗದೆ ನೇರಕ್ಕೆ ತಳ್ಳುತ್ತದೆ; ಬ್ರೇಕಿನ ವಿಧಾನದಲ್ಲಿ ಆ ಕಾಟ ಕಡಿಮೆ.

ಕಲಿಯುವವರು ಎಡವುವುದು ಆಕ್ಸಿಲರೇಟರ್ ಮೇಲೆ. ಈ ಬ್ರೇಕ್ ಹಾಕುವ ಎಬಿಎಸ್ ಪಂಪ್ ಗರಗರ ಅಂದ ಕೂಡಲೇ ಹೆದರಿ ಕಾಲು ತೆಗೆಯುತ್ತೇವೆ. ತೆಗೆದರೆ ಚಕ್ರ ಜಾರುವುದು ನಿಂತು, ಬ್ರೇಕೂ ಬಿಟ್ಟುಹೋಗಿ, ಗಾಡಿ ಅಲ್ಲೇ ಕೂರುತ್ತದೆ. ಚಕ್ರ ಜಾರಿದ ಮೇಲಷ್ಟೇ ಈ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದು. ಹಾಗಾಗಿ ಪೆಡಲನ್ನು ಅಲುಗಿಸದೆ ಹದವಾಗಿ ಒತ್ತಿಹಿಡಿದು, ಒಂದೆರಡು ಕ್ಷಣ ಕಾಯಿರಿ.

ಇನ್ನು ಇಎಸ್‌ಪಿ, ಅಂದರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಪ್ರೋಗ್ರಾಂ. 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿನೊಂದಿಗೆ ಮಾರುಕಟ್ಟೆಗೆ ಬಂದದ್ದು. ಪಂಪ್, ವಾಲ್ವ್, ಚಕ್ರದ ಸೆನ್ಸರ್ ಎಲ್ಲವೂ ಎಬಿಎಸ್ ಜೊತೆ ಹಂಚಿಕೊಂಡವೇ, ಕೇಳುವ ಪ್ರಶ್ನೆ ಮಾತ್ರ ಬೇರೆ. ಸ್ಟಿಯರಿಂಗ್ ತೋರಿಸಿದ ಕಡೆಗೇ ಗಾಡಿ ತಿರುಗುತ್ತಿದೆಯೇ? ಇಲ್ಲವಾದರೆ ತಕ್ಕ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ ಶಕ್ತಿಯನ್ನೂ ಕತ್ತರಿಸುತ್ತದೆ. ಮಳೆಯಲ್ಲಿ ನೆನೆದ ಘಾಟಿಯಲ್ಲಿ ಇದೇ ಪ್ರಾಣ ಉಳಿಸುವುದು. ಮರಳಿನಲ್ಲಿ ಇದೇ ಗಾಡಿಯನ್ನು ಹೂತುಹಾಕುತ್ತದೆ, ಏಕೆಂದರೆ ಅಲ್ಲಿ ಓಟದ ವೇಗವೇ ಆಧಾರ. ಶಕ್ತಿ ಕತ್ತರಿಸಿದರೆ ಚಕ್ರ ಇಳಿದೇಬಿಡುತ್ತದೆ. ಅದಕ್ಕೇ ಅನೇಕ ಗಾಡಿಗಳು ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನ ಓಟದ ಗೇರ್‌ಗೆ) ಹಾಕಿದಾಗ ಶಕ್ತಿ ಕತ್ತರಿಸುವುದನ್ನು ಬಿಟ್ಟು, ಬ್ರೇಕಿನ ಉಪಾಯವನ್ನಷ್ಟೇ ಉಳಿಸಿಕೊಳ್ಳುತ್ತವೆ.

ಎಬಿಎಸ್‌ಗೂ ಇಂಥದೇ ಇಕ್ಕಟ್ಟು: ಸಡಿಲ ಜಲ್ಲಿಯಲ್ಲಿ ಲಾಕ್ ಆದ ಚಕ್ರ ತನ್ನೆದುರು ಮಣ್ಣಿನ ದಿಬ್ಬ ಕಟ್ಟಿಕೊಂಡು ಬೇಗ ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಬಿಡುವುದಿಲ್ಲ. ಇಳಿಜಾರಿನಲ್ಲಿ ಗಾಡಿಯ ವೇಗವನ್ನು ತಾನಾಗಿ ಹಿಡಿದಿಡುವ ಹಿಲ್ ಡಿಸೆಂಟ್ ಕಂಟ್ರೋಲ್ ಹುಟ್ಟಿದ್ದು ಕೊರತೆಯೊಂದನ್ನು ತುಂಬಲು. 1997ರ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ಗೆ ಲೋ ಗೇರ್ ಇರಲಿಲ್ಲ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಮಾಡಬೇಕಿದ್ದ ತಡೆಯನ್ನು ಎಬಿಎಸ್ ಮೂಲಕ ಬ್ರೇಕಿನಿಂದ ಮಾಡಿಸಿದರು.

ಮರಳಿನಲ್ಲಿ ಇಎಸ್‌ಪಿ ಆಫ್ ಮಾಡಿದ್ದರೆ, ಟಾರ್ ರಸ್ತೆಗೆ ಹತ್ತುವ ಮೊದಲು ಮತ್ತೆ ಆನ್ ಮಾಡಿಕೊಳ್ಳಿ.