ಕೌಟುಂಬಿಕ ನ್ಯಾಯಾಲಯದ ಲಂಚ: ಜೀವನಾಂಶದ ಕಡತ ಎಲ್ಲಿ ನಿಲ್ಲುತ್ತದೆ?

ಕೌಟುಂಬಿಕ ನ್ಯಾಯಾಲಯದಲ್ಲಿ ಲಂಚ ಎಂದರೆ ಪರೀಕ್ಷೆಗೆ ಓದುವ ನಮ್ಮ ಮನಸ್ಸು ನೇರವಾಗಿ ನ್ಯಾಯಾಧೀಶರ ಕುರ್ಚಿಯತ್ತ ಹೋಗುತ್ತದೆ. ಹಣಕ್ಕೆ ತೀರ್ಪು ಬದಲಾದರೆ ಅದು ಘೋರ ಅಪರಾಧವೇ ಸರಿ. ಆದರೆ ಬಡ ಕಕ್ಷಿದಾರರನ್ನು ಹಿಂಡುವುದಕ್ಕೆ ತೀರ್ಪು ಬದಲಾಗಲೇಬೇಕಿಲ್ಲ, ಕಡತ ತಡವಾದರೂ ಸಾಕು. ಈ ಟಿಪ್ಪಣಿಯಲ್ಲಿ ತಡವಾಗುವ ಆ ಜಾಗಗಳಿಂದಲೇ ಶುರು ಮಾಡುತ್ತೇನೆ.

ರಾಯಚೂರು ತಾಲ್ಲೂಕಿನ ಹಳ್ಳಿಯೊಂದರಿಂದ ಹತ್ತಿ ಬಿಡಿಸುವ ಕೂಲಿ ಮಹಿಳೆಯೊಬ್ಬಳು ಜೀವನಾಂಶ ಕೇಳಿ ಅರ್ಜಿ ಹಾಕಿದ್ದಾಳೆ ಎಂದುಕೊಳ್ಳೋಣ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅರ್ಜಿ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಆ ಜಾಗಕ್ಕೆ ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನಗಳಲ್ಲಿ ಮುಗಿಸಬೇಕು ಎಂದು ಕಾನೂನು ಹೇಳುತ್ತದೆ. ಈ ಅರವತ್ತು ದಿನಗಳ ಎಣಿಕೆ ಅರ್ಜಿ ಹಾಕಿದ ದಿನದಿಂದ ಶುರುವಾಗುವುದಿಲ್ಲ, ಎದುರುದಾರನಿಗೆ ನೋಟಿಸ್ ಜಾರಿಯಾದ ದಿನದಿಂದ ಶುರುವಾಗುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗಂಡ ಮನೆಯಲ್ಲೇ ಇದ್ದರೂ ‘ಮನೆಯಲ್ಲಿ ಸಿಗಲಿಲ್ಲ’ ಎಂಬ ಷರಾದೊಂದಿಗೆ ನೋಟಿಸ್ ಹಿಂದಿರುಗಿದರೆ ಆ ಎಣಿಕೆಯೇ ಶುರುವಾಗುವುದಿಲ್ಲ. ಅವಳಿಗೆ ಸಿಗುವುದು ಇನ್ನೊಂದು ವಾಯಿದೆ ಮಾತ್ರ. ನ್ಯಾಯಾಧೀಶರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರ ಮೇಜಿಗೆ ಬರುವುದು ಆ ಷರಾ ಒಂದೇ. ಅದಕ್ಕೇ ಆ ಒಂದು ಸಾಲಿಗೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ.

2020ರ ರಜನೀಶ್ ವಿರುದ್ಧ ನೇಹಾ ತೀರ್ಪನ್ನು ಈ ಬೆಳಕಿನಲ್ಲಿ ಓದಿದರೆ ಅದರ ಮಹತ್ವ ತಿಳಿಯುತ್ತದೆ. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ ಹಾಕಬೇಕು, ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಎಳೆದಾಡಿ ಹಣ ಉಳಿಸಿಕೊಳ್ಳುವ ಗಂಡನ ಲಾಭ ಇದರಿಂದ ಕಡಿಮೆಯಾಗುತ್ತದೆ. ಲಾಭ ಕಡಿಮೆಯಾದಷ್ಟೂ ತಡಮಾಡಿಸಲು ಲಂಚ ಕೊಡುವ ಆಸೆಯೂ ಇಳಿಯುತ್ತದೆ.

ಆದೇಶ ಬಂದ ಮೇಲೆ ಎರಡು ಸಂಗತಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಒಂದು, ಯಾರ ಪರ ಜೀವನಾಂಶದ ಆದೇಶವಾಗಿದೆಯೋ ಅವರಿಗೆ ಅದರ ನಕಲನ್ನು ಉಚಿತವಾಗಿ ಕೊಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 147ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ನಕಲಿಗಾಗಿ ‘ಚಹಾ ಖರ್ಚು’ ಕೇಳುವುದು ಹಸಿದವರ ತಟ್ಟೆಗೆ ಕೈಹಾಕಿದಂತೆ. ಇನ್ನೊಂದು, ಬಾಕಿ ವಸೂಲಿಯ ವಾರಂಟಿಗೆ ಮೊತ್ತ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ನಾನು ನೋಡಿಕೊಳ್ಳುತ್ತೇನೆ’ ಎಂದು ಸಮಾಧಾನ ಹೇಳುತ್ತಾ ವರ್ಷ ಕಳೆಯುವ ಮಧ್ಯವರ್ತಿ ಅವಳಿಂದ ಪಡೆದ ಹಣಕ್ಕಿಂತ ಹೆಚ್ಚು ನಷ್ಟವನ್ನು ಹಾಗೆ ಮಾಡುತ್ತಾನೆ.

ಮಧ್ಯವರ್ತಿಗೆ ಇಷ್ಟು ಜಾಗ ಎಲ್ಲಿಂದ ಸಿಕ್ಕಿತು? 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 13ನೇ ಕಲಮಿನ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ. ಸಂಸಾರದ ಜಗಳ ವಾದ-ಪ್ರತಿವಾದಗಳಲ್ಲಿ ಬೆಳೆಯದಿರಲಿ ಎಂಬ ಒಳ್ಳೆಯ ಉದ್ದೇಶ ಇದರ ಹಿಂದಿದೆ. ಆದರೆ ಓದುಬರಹ ಬಾರದ ಹೆಣ್ಣುಮಗಳು ಒಬ್ಬಳೇ ಆವರಣದಲ್ಲಿ ನಿಂತಾಗ ಆ ಖಾಲಿ ಜಾಗವನ್ನು ಯಾರಾದರೂ ತುಂಬುತ್ತಾರೆ. ಕಾನೂನು ಅಲ್ಲಿ ನಿಲ್ಲಿಸಬಯಸುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100. ನೆರವಿಗೆ ನೇಮಕವಾದ ವಕೀಲರು ಕಕ್ಷಿದಾರರಿಂದ ಶುಲ್ಕ ಪಡೆಯುವಂತಿಲ್ಲ.

ಇನ್ನು ಅಪರಾಧದ ಕಲಮುಗಳು. 1988ರ ಭ್ರಷ್ಟಾಚಾರ ತಡೆ ಕಾಯಿದೆಯ ಮಟ್ಟಿಗೆ ನ್ಯಾಯಾಧೀಶರೂ ನ್ಯಾಯಾಲಯದ ನೌಕರರೂ ಸಾರ್ವಜನಿಕ ನೌಕರರೇ. ಸಾರ್ವಜನಿಕ ನೌಕರರ ಲಂಚಕ್ಕೆ ಸಂಬಂಧಿಸಿದ 7ನೇ ಕಲಮಿಗೆ ಶಿಕ್ಷೆ 3ರಿಂದ 7 ವರ್ಷ. ಅದರ ಕೆಳಗಿನ ದೃಷ್ಟಾಂತ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ: ಪಡಿತರ ಚೀಟಿಯ ಮಾಮೂಲಿ ಅರ್ಜಿಯನ್ನು ಸಕಾಲಕ್ಕೆ ವಿಲೇವಾರಿ ಮಾಡಲು ಐದು ಸಾವಿರ ರೂಪಾಯಿ ಕೇಳಿದ ನೌಕರ ತಪ್ಪಿತಸ್ಥ. ಅಂದರೆ ಸರಿಯಾದ ಕೆಲಸವನ್ನೇ ಮಾಡಲು ಹಣ ಕೇಳಿದರೂ ಅಪರಾಧವೇ. ‘ಸಾಹೇಬರ ಹತ್ತಿರ ಮಾತಾಡಿದ್ದೇನೆ’ ಎಂದು ಹಣ ಕೇಳುವ ಹೊರಗಿನವನಿಗೆ 2018ರಲ್ಲಿ ಸೇರಿದ 7ಎ ಕಲಮು ಇದೆ. ಸಾಹೇಬರಿಗೆ ಅವನ ಮುಖಪರಿಚಯವೂ ಇಲ್ಲದಿರಬಹುದು. ಎಷ್ಟೋ ನ್ಯಾಯಾಧೀಶರ ಹೆಸರು ಕೆಡುವುದು ಇಂಥವರ ಬಾಯಿಯಿಂದ.

ಹಣ ಕೊಟ್ಟವರ ಗತಿ? 2018ರ ನಂತರ 8ನೇ ಕಲಮಿನಡಿ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಮುಂದಿನ ವಾಯಿದೆಗೆ ಕೂಲಿ ಬಿಟ್ಟು ಬರುವುದೇ ಕಷ್ಟವಾಗಿರುವ ಹೆಂಗಸಿಗೆ ಈ ಗಡುವು ತೀರಾ ಬಿಗಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಡುವ ಮೊದಲೇ ಪೊಲೀಸರಿಗೆ ತಿಳಿಸಿ, ಅವರ ಕಾರ್ಯಾಚರಣೆಗೆ ನೆರವಾಗಿ ಕೊಟ್ಟರೆ ಅಪರಾಧವಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿದ ಮೇಲೆ ನಮ್ಮ ರಾಜ್ಯದಲ್ಲಿ ಈ ಕೆಲಸ ಲೋಕಾಯುಕ್ತ ಪೊಲೀಸರದು.

ನ್ಯಾಯಾಧೀಶರ ಮೇಲೆಯೇ ದೂರಿದ್ದರೆ? ಸಂವಿಧಾನದ 235ನೇ ವಿಧಿಯಂತೆ ಜಿಲ್ಲಾ ನ್ಯಾಯಾಂಗದ ಮೇಲಿನ ನಿಯಂತ್ರಣ ಹೈಕೋರ್ಟಿನದು. ಅಲ್ಲಿನ ಜಾಗೃತ ವಿಭಾಗಕ್ಕೆ ದೂರು ಕೊಡಬೇಕು. ಪ್ರಮಾಣಪತ್ರವೂ ಪರಿಶೀಲಿಸಬಹುದಾದ ದಾಖಲೆಯೂ ಜೊತೆಗಿರಲಿ. ಬಳ್ಳಾರಿಯವರಿಗೆ ನೆನಪಿರುವ ಉದಾಹರಣೆ ಕೌಟುಂಬಿಕ ನ್ಯಾಯಾಲಯದ್ದಲ್ಲ: ಗಣಿ ಪ್ರಕರಣದಲ್ಲಿ ಜಾಮೀನಿಗಾಗಿ ಹಣ ಪಡೆದ ಆರೋಪದ ಮೇಲೆ 2012ರಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಧೀಶರೊಬ್ಬರನ್ನು ಅಲ್ಲಿನ ಹೈಕೋರ್ಟ್ ಅಮಾನತು ಮಾಡಿತು, ನಂತರ ಅವರ ಬಂಧನವೂ ಆಯಿತು.

ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲಿ. ಆದೇಶ ತಪ್ಪಾಗಿದೆ ಎನ್ನುವುದೊಂದೇ ಲಂಚಕ್ಕೆ ಸಾಕ್ಷ್ಯವಾಗದು. ಕೇವಲ ತಪ್ಪು ಆದೇಶಕ್ಕಾಗಿ ನ್ಯಾಯಾಧೀಶರ ಮೇಲೆ ಶಿಸ್ತು ಕ್ರಮ ಸಲ್ಲದು ಎಂದು 2019ರ ಕೃಷ್ಣ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಸರಿಯಾದ ನಿಲುವು. ಇಲ್ಲವಾದರೆ ಸೋತ ಪ್ರತಿಯೊಬ್ಬ ಗಂಡನೂ ದೂರು ಹಿಡಿದು ನಿಲ್ಲುತ್ತಾನೆ, ದಿಟ್ಟ ಆದೇಶ ಬರೆಯುವವರ ಕೈ ನಡುಗುತ್ತದೆ. ತಪ್ಪು ಆದೇಶದ ದಾರಿ ಬೇರೆ: ವಿಚ್ಛೇದನದಂಥ ತೀರ್ಪಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 19ನೇ ಕಲಮಿನಡಿ 30 ದಿನಗಳಲ್ಲಿ ಹೈಕೋರ್ಟಿಗೆ ಮೇಲ್ಮನವಿ, ಜೀವನಾಂಶದ ಆದೇಶಕ್ಕೆ ಮೇಲ್ಮನವಿಯಲ್ಲ, ಪುನರ್ ಪರಿಶೀಲನಾ (ರಿವಿಷನ್) ಅರ್ಜಿ. ಬಳ್ಳಾರಿ, ಕೊಪ್ಪಳದವರು ಇದಕ್ಕೆ ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು.

ಲಂಚ ಪಡೆದ ಆರೋಪ ಸಾಬೀತಾಗಲು ಕೇಳಿದ್ದೂ ಪಡೆದದ್ದೂ ಎರಡೂ ರುಜುವಾಗಬೇಕು. ಬಲೆ ಬೀಸುವಾಗ ಪೊಲೀಸರು ನೋಟಿಗೆ ಹಚ್ಚಿದ ಪುಡಿಯಿಂದ ಆರೋಪಿಯ ಕೈ ತೊಳೆದ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದರೆ, ಅವನು ನೋಟು ಮುಟ್ಟಿದ್ದಾನೆ ಎಂದಷ್ಟೇ ತಿಳಿಯುತ್ತದೆ. ಕೇಳಿದ್ದನ್ನು ಬೇರೆಯಾಗಿಯೇ ತೋರಿಸಬೇಕು. ದೂರುದಾರರು ತೀರಿಕೊಂಡರೂ, ಹೇಳಿಕೆ ಬದಲಿಸಿ ಪ್ರತಿಕೂಲ ಸಾಕ್ಷಿಯಾದರೂ ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ರುಜುವಾತುಪಡಿಸಬಹುದು ಎಂದು 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಆದ್ದರಿಂದ ಹಣ ಕೇಳಿದ ದಿನವೇ ಯಾರು, ಎಲ್ಲಿ, ಯಾವ ಮಾತಿನಲ್ಲಿ, ಯಾರ ಎದುರು ಕೇಳಿದರು ಎಂದು ದಿನಾಂಕ ಸಮೇತ ಬರೆಸಿಡುವಂತೆ ಕಕ್ಷಿದಾರರಿಗೆ ಹೇಳಬೇಕು.